ಎರಡು ಸಾವಿರ ರೂಪಾಯಿಯ ಉಳಿತಾಯ

ಮೊನ್ನೆ ನನ್ನ ಮೊಮ್ಮಗ ಒಂದು ಹಾಳೆಯನ್ನು ತಂದು ಮುಂದಿಟ್ಟ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಸಾಲಾಗಿ ಬರೆದು, ಎದುರಿಗೆ ಬೆಲೆಗಳನ್ನು ನಮೂದಿಸಿದ್ದ. "ತಾತ, ಅರವತ್ತು ಸಾವಿರ ದಾಟಬಾರದು ಅಂತ ಅಪ್ಪ ಹೇಳಿದ್ದಾರೆ. ಯಾವುದನ್ನ ಕಡಿಮೆ ಮಾಡಲಿ?" ಎಂದ. ಆಟವಾಡುವ ಕಂಪ್ಯೂಟರಿನ ವಿಷಯದಲ್ಲಿ ಇತಿಹಾಸದ ಮೇಷ್ಟರ ಸಲಹೆ ಕೇಳುವವರುಂಟೇ ಎಂದು ನೀವು ನಗಬಹುದು. ಆದರೆ 2005ರಲ್ಲಿ ಹಿನಕಲ್ಲಿನ ಇದೇ ಮನೆಯಲ್ಲಿ ಇವನ ಅಪ್ಪನೂ ಇಂಥದೇ ಪಟ್ಟಿಯನ್ನು ನನ್ನೆದುರು ಹಿಡಿದು ನಿಂತಿದ್ದ.

ಬಿಡಿಭಾಗಗಳನ್ನು ಆರಿಸಿ ಕಂಪ್ಯೂಟರ್ ಜೋಡಿಸುವುದು ಸಾಧ್ಯವಾದದ್ದಕ್ಕೂ ಒಂದು ಚರಿತ್ರೆಯಿದೆ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ, ಅವಸರದಲ್ಲಿ ಬಹುಪಾಲು ಭಾಗಗಳನ್ನು ಹೊರಗಿನಿಂದಲೇ ಕೊಂಡಿತ್ತು. ಪ್ರೊಸೆಸರ್ ಇಂಟೆಲ್‌ನ 8088. ವಿನ್ಯಾಸದ ವಿವರಗಳನ್ನೂ ಪ್ರಕಟಿಸಿತು. ಬಯಾಸ್ ಒಂದೇ ಅದರ ಸ್ವಂತ ಸ್ವತ್ತು. ಅದಕ್ಕೆ ಸರಿಸಮನಾದುದನ್ನು ಕಾಂಪ್ಯಾಕ್ ಕಂಪನಿಯವರು ನಕಲು ಮಾಡದೆ ತಾವೇ ಹೊಸದಾಗಿ ಬರೆದರು. ಅಲ್ಲಿಗೆ ಕೋಟೆಯ ಬಾಗಿಲು ತೆರೆಯಿತು. ಒಬ್ಬರ ಬೋರ್ಡಿಗೆ ಇನ್ನೊಬ್ಬರ ಕಾರ್ಡು ಹೊಂದಿಕೊಳ್ಳುವ ಕಾಲ ಬಂತು.

ನಮ್ಮಲ್ಲಿ ಆ ಬಾಗಿಲು ತೆರೆದದ್ದು ನಿಧಾನವಾಗಿ. 1978ರಲ್ಲಿ ಐಬಿಎಂ ಭಾರತವನ್ನು ಬಿಟ್ಟುಹೋದ ಮೇಲೆ ದೇಶೀಯ ಕಂಪನಿಗಳು ಮುಂದೆ ಬಂದವು. 80ರ ದಶಕದಲ್ಲಿ ವಿಪ್ರೊ ನಮ್ಮ ಮೈಸೂರಿನಲ್ಲಿಯೇ ಕಂಪ್ಯೂಟರ್ ತಯಾರಿಸುತ್ತಿತ್ತು. 1984ರ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿತು. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ ಸುಂಕ ಹಂತಹಂತವಾಗಿ ಇಳಿದು 2005ಕ್ಕೆ ಶೂನ್ಯವಾಯಿತು. ಮೇಷ್ಟರ ಮನೆಗೂ 'ಅಸೆಂಬಲ್ಡ್' ಕಂಪ್ಯೂಟರ್ ಎಟುಕಿದ್ದು ಹೀಗೆ.

ಆಗ ಮಗ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದ. ನಾನು ಕೊಡಲು ಒಪ್ಪಿದ್ದು 25,000 ರೂಪಾಯಿ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯನ್ನು ಮಧ್ಯಾಹ್ನದವರೆಗೆ ಸುತ್ತಿದೆವು. ಗ್ರಾಫಿಕ್ಸ್ ಕಾರ್ಡಿಗೆ ಅದುವರೆಗೆ ಇದ್ದದ್ದು 1997ರಲ್ಲಿ ಬಂದ ಎಜಿಪಿ ಎಂಬ ಸ್ಲಾಟ್. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಬೋರ್ಡುಗಳು ಹಿಂದಿನ ವರ್ಷವಷ್ಟೇ ಬಂದಿದ್ದವು. ಮಗ ಹೊಸದೇ ಬೇಕೆಂದ. ಹಳೆಯದಾದರೆ ಎರಡು ಸಾವಿರ ಕಡಿಮೆ. "ಎರಡರಲ್ಲೂ ಆಟ ಓಡುತ್ತದಲ್ಲವೇ?" ಎಂದು ಅಂಗಡಿಯವನನ್ನೇ ಕೇಳಿದೆ. ಓಡುತ್ತದೆ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಹಠ ನನ್ನದು. ಎಜಿಪಿ ಬೋರ್ಡನ್ನೇ ಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿರುಗಿದೆವು.

ಎರಡು ವರ್ಷದ ನಂತರ ಮಗ, ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಲ್ಲಿ ಹೊಸ ಕಾರ್ಡು ಕೊಳ್ಳಲು ಹೊರಟ. ಆ ಹೊತ್ತಿಗೆ ಹೊಸ ಕಾರ್ಡುಗಳಲ್ಲಿ ಬಹುಪಾಲು ಪಿಸಿಐ ಎಕ್ಸ್‌ಪ್ರೆಸ್‌ಗೆ ಮಾತ್ರ. ಎಜಿಪಿಗೆಂದು ಅಪರೂಪಕ್ಕೆ ಬರುತ್ತಿದ್ದವು ದುಬಾರಿ. ಬೋರ್ಡು ಬದಲಿಸೋಣವೆಂದರೆ ನಮ್ಮ ಪ್ರೊಸೆಸರಿನ 754 ಪಿನ್ನಿನ ಸಾಕೆಟ್ಟಿನ ಕಾಲವೇ ಮುಗಿದಿತ್ತು. ಹೊಸ ಸಾಕೆಟ್ಟಿಗೆ ಡಿಡಿಆರ್2 ಮೆಮೊರಿ ಬೇಕು, ನಮ್ಮದು ಡಿಡಿಆರ್. ಒಂದು ಕಾರ್ಡಿಗಾಗಿ ಕ್ಯಾಬಿನೆಟ್ಟಿನ ಒಳಗಿದ್ದದ್ದನ್ನೆಲ್ಲ ಬದಲಾಯಿಸಬೇಕು! ಮಗ ಲೆಕ್ಕ ಹಾಕಿದ ಕಾಗದವನ್ನು ಮಡಚಿಟ್ಟು ಸುಮ್ಮನಾದ. ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಮೊಮ್ಮಗನ ಹಾಳೆಯಲ್ಲಿಯೂ ಅದೇ ಕವಲುದಾರಿ. ಎಎಂಡಿಯವರ ಎಎಂ4 ಸಾಕೆಟ್ 2016ರದು, ಡಿಡಿಆರ್4 ಮೆಮೊರಿಯದು. ಎಎಂ5 2022ರದು, ಡಿಡಿಆರ್5ರದು. ಸಾಲದೆಂಬಂತೆ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗಾಗಿ ಮೆಮೊರಿ ಚಿಪ್ಪುಗಳು ಹರಿದುಹೋಗುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಹಾಳೆಯಲ್ಲಿ ಮೂರು ಸಾಲುಗಳಿಗೆ ಗೆರೆ ಹೊಡೆದೆ: ಬಣ್ಣಬಣ್ಣದ ದೀಪದ ಕ್ಯಾಬಿನೆಟ್, ದುಬಾರಿ ಕೀಬೋರ್ಡ್, ಎರಡನೆಯ ರ‍್ಯಾಮ್. ಸದ್ಯಕ್ಕೆ 16 ಜಿಬಿಯ ಒಂದೇ ಕಡ್ಡಿ ಸಾಕು, ಬೆಲೆ ಇಳಿದಾಗ ಖಾಲಿ ಸ್ಲಾಟಿಗೆ ಇನ್ನೊಂದು. ವೇಗ ಸ್ವಲ್ಪ ತಗ್ಗುತ್ತದೆಂದು ಅವನು ಗೊಣಗಿದ, ಅದೂ ನಿಜವೇ. ಎಸ್‌ಎಂಪಿಎಸ್ ಒಳ್ಳೆಯದೇ ಇರಲಿ ಎಂದೆ. ಬೋರ್ಡಿನ ಸಾಲನ್ನು ಮಾತ್ರ ನಾನು ಮುಟ್ಟಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈ ವ್ಯಾಪಾರದಲ್ಲಿರುವವರು, ರ‍್ಯಾಮ್ ಬೆಲೆ ಯಾವಾಗ ಇಳಿದೀತೆಂದು ದಯವಿಟ್ಟು ತಿಳಿಸಿ. ಹುಡುಗ ದಿನಕ್ಕೆರಡು ಬಾರಿ ಕೇಳುತ್ತಿದ್ದಾನೆ.