ಇಪ್ಪತ್ತರ ಮೋಹ

ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ತಪ್ಪು ಲೆಕ್ಕವೊಂದಿದೆ. ಕೋಡ್ ಬರೆದೇ ಹೊಟ್ಟೆ ಹೊರೆಯುವವನಾದ್ದರಿಂದ ಇಷ್ಟವೋ ಏನೋ!

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ಬಿಡಿಸಿಟ್ಟರು. ಅದರಲ್ಲಿರುವುದು ನಾಲ್ಕೇ ಅಕ್ಷರ. ಅದರ ನಕಲಾದ ಆರ್‌ಎನ್‌ಎಯಲ್ಲೂ ಅಷ್ಟೇ: ಎ, ಯು, ಜಿ, ಸಿ. ಆದರೆ ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲಗಳು 20. ಎರಡೆರಡು ಅಕ್ಷರ ಸೇರಿಸಿದರೆ 16 ಪದ, ಸಾಲದು. ಮೂರು ಮೂರಾದರೆ 64, ತೀರಾ ಹೆಚ್ಚಾಯ್ತು. ಭೌತವಿಜ್ಞಾನಿ ಜಾರ್ಜ್ ಗ್ಯಾಮೋ ಈ ಒಗಟಿನ ಹುಚ್ಚು ಹಿಡಿದು 20 ಜನರ ಕ್ಲಬ್ಬನ್ನೇ ಕಟ್ಟಿದರು. ಸದಸ್ಯರಿಗೆ ಅದರದೇ ಟೈ ಬೇರೆ!

ಇನ್ನೊಂದು ತೊಡಕಿತ್ತು. ಹಳೆಯ ಶಾಸನದ ಸಾಲಿನ ಹಾಗೆ ಇಲ್ಲೂ ಪದಗಳ ನಡುವೆ ಜಾಗವಿಲ್ಲ. ಎಲ್ಲಿಂದ ಓದಬೇಕು ಅಂತ ಜೀವಕೋಶಕ್ಕೆ ತಿಳಿಯುವುದು ಹೇಗೆ? ತಪ್ಪು ಜಾಗದಿಂದ ಓದಿದರೆ ಅರ್ಥವೇ ಬರದಂಥ ಪದಗಳನ್ನು ಮಾತ್ರ ಇಟ್ಟುಕೊಂಡರಾಯ್ತು ಅಂದರು ಕ್ರಿಕ್, ಗ್ರಿಫಿತ್ ಮತ್ತು ಆರ್ಗೆಲ್, 1957ರಲ್ಲಿ. ಎಎಎ, ಯುಯುಯು ಥರದ ನಾಲ್ಕನ್ನು ಬಿಡಿ, ಅಂಥವು ಜೋಡಿಯಾಗಿ ಬಂದರೆ ಎಲ್ಲಿಂದ ಓದಿದರೂ ಒಂದೇ. ಉಳಿದದ್ದು 60. ಎಯುಸಿ, ಯುಸಿಎ, ಸಿಎಯು ನೋಡಿ, ಒಂದನ್ನೇ ತಿರುಗಿಸಿದ್ದು. ಇಂಥ ಮೂರರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಬಹುದು. ಅಲ್ಲಿಗೆ ಹೆಚ್ಚೆಂದರೆ... 20!

ಇಷ್ಟು ಚೆಂದದ ಲೆಕ್ಕ ಸುಳ್ಳಾದೀತೇ? ಇದನ್ನು ಪೂರ್ತಿ ನಂಬಲಾಗದು ಅಂತ ಲೇಖಕರೇ ಎಚ್ಚರಿಸಿದ್ದರು. ಆದರೂ ಹಲವರು ಮನಸೋತರು.

ಅಮೆರಿಕದ ಬೆಥೆಸ್ಡಾದಲ್ಲಿದ್ದ ಮಾರ್ಷಲ್ ನೈರೆನ್‌ಬರ್ಗ್ ಮತ್ತು ಜರ್ಮನಿಯ ಹೈನ್ರಿಕ್ ಮಥಾಯ್ ಈ ಟೈ ಕ್ಲಬ್ಬಿನವರಲ್ಲ. ಅವರದು ಬ್ಯಾಕ್ಟೀರಿಯಾವನ್ನು ಅರೆದು, ಆ ರಸಕ್ಕೆ ಆರ್‌ಎನ್‌ಎ ಹಾಕಿ ನೋಡುವ ಕೆಲಸ. 1961ರ ಮೇ 27ರ ನಸುಕಿನಲ್ಲಿ ನೈರೆನ್‌ಬರ್ಗ್ ಊರಲ್ಲಿರಲಿಲ್ಲ. ಬರೀ ಯು ಅಕ್ಷರಗಳೇ ಇದ್ದ ಕೃತಕ ಆರ್‌ಎನ್‌ಎ ಹಾಕಿದ ಪ್ರನಾಳದಲ್ಲಿ ಮಥಾಯ್‌ಗೆ ಸಿಕ್ಕಿದ್ದು ಫಿನೈಲ್‌ಅಲನಿನ್ ಎಂಬ ಒಂದೇ ಅಮೈನೋ ಆಮ್ಲದ ಸರಪಣಿ. ಅಂದರೆ ಆ ಚೆಂದದ ಲೆಕ್ಕ ಹೊರಗೆ ಹಾಕಿದ್ದ ಯುಯುಯು ಪದಕ್ಕೇ ಅರ್ಥವಿತ್ತು!

ಮುಂದಿನದು ಬೇಗ ನಡೆಯಿತು. ನಾವು ಶಾಲೆಯಲ್ಲಿ ಹೆಸರು ಮಾತ್ರ ಬಾಯಿಪಾಠ ಮಾಡಿದ ಹರಗೋಬಿಂದ್ ಖೊರಾನಾ ವಿಸ್ಕಾನ್ಸಿನ್‌ನಲ್ಲಿ ಬೇಕಾದ ಅಕ್ಷರಗಳ ಸರಪಣಿಗಳನ್ನೇ ತಯಾರಿಸಿದರು. 1966ರ ಹೊತ್ತಿಗೆ 64 ಪದಗಳ ಪಟ್ಟಿ ಮುಗಿದಿತ್ತು. 61ಕ್ಕೆ ಅಮೈನೋ ಆಮ್ಲಗಳು, ಉಳಿದ ಮೂರು ಪೂರ್ಣವಿರಾಮಗಳು. ಲ್ಯೂಸಿನ್ ಒಂದಕ್ಕೇ ಆರು ಪದ. ನೋಡಲು ಗಲೀಜು, ಆದರೆ ಮೂರನೇ ಅಕ್ಷರ ಕೆಟ್ಟರೂ ಎಷ್ಟೋ ಸಲ ಪ್ರೋಟೀನು ಕೆಡುವುದಿಲ್ಲ. ನನ್ನನ್ನು ಕೇಳಿದರೆ ಕ್ರಿಕ್ ಡಿಸೈನಿಗಿಂತ ಇದೇ ವಾಸಿ.

1968ರ ನೊಬೆಲ್ ನೈರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿಗೆ ಬಂತು. ಆ ರಾತ್ರಿ ಪ್ರನಾಳದ ಮುಂದೆ ಎಚ್ಚರವಿದ್ದ ಮಥಾಯ್‌ಗೆ ಬರಲಿಲ್ಲ. ಒಂದು ಬಹುಮಾನಕ್ಕೆ ಮೂವರೇ, ನಿಜ. ಆದರೂ ನನಗಿದು ಸರಿ ಕಾಣುವುದಿಲ್ಲ.