ಕಸ ಮತ್ತು ಬುಟ್ಟಿ: ಒಂದು ದೂರಿನ ಚರಿತ್ರೆ

ಹೋದ ವರ್ಷ ಬೆಂಗಳೂರಿನ ಗೆಳತಿಯೊಬ್ಬಳನ್ನು ನಮ್ಮ ರೋಣದ ಕಡೆ ಕರೆದುಕೊಂಡು ಬಂದಿದ್ದೆ. ಬೆಳಿಗ್ಗೆ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ನೋಡಿ ಆಕೆ ಬಹಳ ಖುಷಿಯಲ್ಲಿದ್ದಳು. ಸಂಜೆ ಅದೇ ಸೀಮೆಯ ಒಂದು ಜಾತ್ರೆಗೆ ಹೋದೆವು. ಕಾಲು ಗಂಟೆಯಲ್ಲಿ ಅವಳ ಮುಖ ಬಾಡಿತು. ಗುಡಿಯ ದಾರಿಯುದ್ದಕ್ಕೂ ಪ್ಲಾಸ್ಟಿಕ್ ಲೋಟ, ಗುಟ್ಕಾ ಚೀಟಿ, ಹೊಂಡದಲ್ಲಿ ತೇಲುವ ಕ್ಯಾರಿಬ್ಯಾಗು. ಎರಡೂ ಬದಿಗೆ ಬುಟ್ಟಿ ಇಟ್ಟುಕೊಂಡು ಕೂತವರ ಕೂಗು. 'ಅಕ್ಕಾರ, ಇಲ್ಲೇ ಚಪ್ಪಲಿ ಬಿಡ್ರಿ, ಹಣ್ಣುಕಾಯಿ ಒಯ್ರಿ, ಬೋಣಿಗಿ ಮಾಡ್ರಿ' ಎನ್ನುತ್ತ ಒಬ್ಬಾಕೆ ಗೆಳತಿಯ ಸೆರಗನ್ನೇ ಹಿಡಿದಳು. ಇವಳು ಕೊಸರಿಕೊಂಡು ನನ್ನ ಕಡೆ ತಿರುಗಿ ಹೇಳಿದಳು: 'ಈ ಕಸ, ಈ ಮಾರೋರ ಕಾಟ ಎರಡೂ ಇಲ್ದೇ ಇದ್ದಿದ್ರೆ ಎಷ್ಟು ಚೆನ್ನಾಗಿರೋದು ಅಲ್ವಾ?'

ನಾನು ಹೌದೆಂದೆ. ಆಮೇಲೆ ಅವಳನ್ನು ಸಾಲಿನ ಹಿಂದಿನಿಂದ, ತೇರಿನ ಮನೆಯ ಕಡೆಯಿಂದ ಸುತ್ತುಹಾಕಿಸಿ ಗುಡಿಗೆ ಕರೆದೊಯ್ದೆ. ಜನ ಕಡಿಮೆ ಇರುತ್ತಾರೆ ಎಂಬ ಸಬೂಬು ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಆ ಸಾಲಿನಲ್ಲಿ ಇನ್ನು ಏಳೆಂಟು ಬುಟ್ಟಿ ದಾಟಿದ್ದರೆ ನನ್ನ ಅವ್ವ ಬಾಳೆಹಣ್ಣು, ಉತ್ತತ್ತಿ, ಕಾಯಿ ಇಟ್ಟುಕೊಂಡು ಕೂತಿದ್ದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಪೇಟೆಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನು ನನ್ನ ಮನೆಯ ಪೇಟೆಯನ್ನು ಮುಚ್ಚಿಟ್ಟಿದ್ದೆ. ನನ್ನನ್ನು ಇನ್ನೂ ಕಾಡಿದ್ದು ಗೆಳತಿಯ ವಾಕ್ಯದ ಜೋಡಣೆ. ಕಸ ಮತ್ತು ಮಾರುವವರು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದನ್ನು ನಮಗೆ ಕಲಿಸಿದವರು ಯಾರು?

ಬೆಳಿಗ್ಗೆ ನಾವು ನೋಡಿದ ಸೂಡಿಯಲ್ಲೇ ಈ ಪ್ರಶ್ನೆಗೆ ಒಂದು ತುದಿ ಇದೆ. ಇಂದು ಗಜೇಂದ್ರಗಡ ತಾಲ್ಲೂಕಿನ ಹಳ್ಳಿಯಾಗಿರುವ ಸೂಡಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ಆ ನಾಡನ್ನು ಆಳುತ್ತಿದ್ದವಳು ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ. 11ನೇ ಶತಮಾನದ ನಡುಭಾಗದ ಒಂದು ಶಾಸನ ಅವಳ ಒಂದು ಕೆಲಸವನ್ನು ದಾಖಲಿಸುತ್ತದೆ. ಚೋಳರೊಂದಿಗಿನ ಯುದ್ಧದ ಗದ್ದಲದಲ್ಲಿ ಊರಿನ ಕಟ್ಟಳೆ ಕೆಟ್ಟುಹೋಗಿತ್ತು. ಎಂಟು ಮಂದಿ ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳಿಗೆ ಆಕೆ ಆ ಕಟ್ಟಳೆಯನ್ನು ಮತ್ತೆ ನಿಲ್ಲಿಸಿಕೊಟ್ಟಳು. ಸೂಡಿಯ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ 15ನೇ ಸಂಪುಟದಲ್ಲಿ ಎಲ್. ಡಿ. ಬಾರ್ನೆಟ್ ಪ್ರಕಟಿಸಿದ್ದಾರೆ.

ಯುದ್ಧ ಮುಗಿದ ಮೇಲೆ ಊರನ್ನು ಸರಿಪಡಿಸಲು ಹೊರಟವಳು ವ್ಯಾಪಾರಿಗಳನ್ನು ಊರಿನ ತೊಂದರೆ ಎಂದು ಕಾಣಲಿಲ್ಲ. ಅವಳ ಲೆಕ್ಕದಲ್ಲಿ ಅವರೇ ಊರು. ಆ ಕಾಲದ ಶಾಸನಗಳನ್ನು ಓದುವವರಿಗೆ ಇದು ಹೊಸದಲ್ಲ. ಗಾಣದವರು ದೀಪಕ್ಕೆ ಎಣ್ಣೆ ಬಿಡುತ್ತಾರೆ, ಎಲೆ ಮಾರುವವರು ಹೇರಿಗೆ ಇಂತಿಷ್ಟು ಎಲೆ ಬಿಡುತ್ತಾರೆ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು ಗುಡಿಗೆ ಕೊಡುತ್ತಾರೆ. ಕೆರೆಯ ದುರಸ್ತಿಗೆಂದೇ ಬಿಟ್ಟ ಹೊಲಗಳಿದ್ದವು. ಮಾರುವವನಿಂದ ಪಡೆದದ್ದು ಎಲ್ಲಿಗೆ ಹೋಗಬೇಕೆಂಬುದು ಕಲ್ಲಿನ ಮೇಲೆ, ಎಲ್ಲರ ಕಣ್ಣೆದುರು ಇರುತ್ತಿತ್ತು.

ಹಾಗೆಂದು ಅದನ್ನು ಸುವರ್ಣಯುಗ ಎನ್ನಲಾರೆ. ಆ ಎಂಟು ಸೆಟ್ಟಿಗಳ ಪಟ್ಟಿಯಲ್ಲಿ ನನ್ನ ಅವ್ವನಿಗೆ ಜಾಗ ಇರುತ್ತಿರಲಿಲ್ಲ. ಬುಟ್ಟಿ ಹೊತ್ತು ಬಂದ ಹೆಂಗಸಿನ ಹೆಸರನ್ನು ಇಂಥ ಶಾಸನಗಳಲ್ಲಿ ಹುಡುಕಿ ನಾನು ಸೋತಿದ್ದೇನೆ. ಅಂದಿನ ಕಸವೂ ಬೇರೆ. ಬಾಳೆಲೆ, ಮುತ್ತುಗದ ಎಲೆ, ಮಣ್ಣಿನ ಕುಡಿಕೆ, ಎಲ್ಲವೂ ಒಂದು ಮಳೆಗಾಲಕ್ಕೆ ಮಣ್ಣು ಸೇರುವಂಥವು. ಆದರೂ ಶಾಸನದಿಂದ ಒಂದು ಮಾತಂತೂ ತಿಳಿಯುತ್ತದೆ: ಪೇಟೆ ಮತ್ತು ಹೊಲಸು ಹುಟ್ಟಿನಿಂದಲೇ ಜೋಡಿಯಲ್ಲ.

ಜೋಡಿಯಾದದ್ದನ್ನು ನಾನು ಕಂಡದ್ದು ಕಾನೂನಿನ ಪುಸ್ತಕದಲ್ಲಿ. 1858ರಲ್ಲಿ ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ, ನಾವು ಬಾಬಾಸಾಹೇಬ ಎಂದು ಕರೆಯುವವರು, ಬ್ರಿಟಿಷರ ವಿರುದ್ಧ ಎದ್ದು ಸೋತರು. ಸಂಸ್ಥಾನ ಬ್ರಿಟಿಷರ ಕೈಸೇರಿತು. ಎರಡೇ ವರ್ಷಕ್ಕೆ, 1860ರಲ್ಲಿ, ಭಾರತೀಯ ದಂಡ ಸಂಹಿತೆ ಬಂತು. ಅದರ 14ನೇ ಅಧ್ಯಾಯ ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಅನುಕೂಲ, ಸಭ್ಯತೆ, ನೀತಿಗಳಿಗೆ ಧಕ್ಕೆ ತರುವ ಅಪರಾಧಗಳದ್ದು. 277ನೇ ಕಲಂ ಸಾರ್ವಜನಿಕ ಬುಗ್ಗೆ ಅಥವಾ ಹೊಂಡದ ನೀರನ್ನು ಹೊಲಸು ಮಾಡುವವರಿಗೆ. ಆರು ಕಲಂ ಆಚೆ, 283ನೆಯದು ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವವರಿಗೆ: 200 ರೂಪಾಯಿವರೆಗೆ ದಂಡ. ಹೊಂಡಕ್ಕೆ ಕಸ ಎಸೆದವನೂ ದಾರಿಯ ಮಗ್ಗುಲಲ್ಲಿ ಬುಟ್ಟಿ ಇಟ್ಟವಳೂ ಒಂದೇ ಅಧ್ಯಾಯದ ಆರೋಪಿಗಳಾಗಬಹುದಾಯಿತು. ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವೆರಡು ಒಂದೇ ಅಧ್ಯಾಯದಲ್ಲಿ ಉಳಿದಿವೆ.

ಜಾತ್ರೆಗಳಲ್ಲಿ ಕಾಲರಾ ಹರಡುತ್ತಿದ್ದುದು ನಿಜ, ಸರ್ಕಾರದ ಭಯವೂ ಸುಳ್ಳಲ್ಲ. ಆದರೆ ಆ ಭಯದಿಂದ ಜಾತ್ರೆಯನ್ನು ನೋಡುವ ಬಗೆಯೇ ಬದಲಾಯಿತು. ನಮ್ಮ ಕಡೆಯ ವಿಠ್ಠಲನ ಭಕ್ತರು ನಡೆದು ಹೋಗುವ ಪಂಢರಪುರದಲ್ಲಿ ಯಾತ್ರಿಕರ ಮೇಲೆ ತೆರಿಗೆ ಬಿತ್ತು. ಯಾತ್ರಿಕ ತೆರಿಗೆ ಕೊಡುವವನಾದ, ಮಾರುವವಳು ಅಡ್ಡಿಯಾದಳು. ಹಾದುಹೋಗುವವನ ಅನುಕೂಲವೇ ಸಾರ್ವಜನಿಕ ಅನುಕೂಲ ಎಂಬ ಮಾತು ನಿಧಾನವಾಗಿ ನಮ್ಮ ಬಾಯಿಗೂ ಬಂತು. ಆ ಸಂಜೆ 'ಹೌದು' ಎಂದಾಗ ನನ್ನ ಬಾಯಲ್ಲಿದ್ದದ್ದು ಅದೇ.

ಇದನ್ನು ತಿದ್ದುವ ಪ್ರಯತ್ನವೂ ನಡೆದಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಊರಿನ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳಿಗೇ ಸಿಗಬೇಕು, ಅದರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು ಎನ್ನುತ್ತದೆ. ಮೊದಲ ಸಲ ಇದನ್ನು ಓದಿದಾಗ ನನಗೆ ಅಕ್ಕಾದೇವಿಯ ಎಂಟು ಸೆಟ್ಟಿಗಳು ನೆನಪಾದರು. ಈ ಸಲ ಬುಟ್ಟಿಯವಳಿಗೂ ಜಾಗವಿದೆ. ಆದರೆ ಅದು ಪಟ್ಟಣಗಳ ಕಾಯ್ದೆ. ಹಳ್ಳಿಯ ಮೂರು ದಿನದ ಜಾತ್ರೆಗೆ ಅದು ಬಂದು ತಲುಪಿಲ್ಲ. ಪ್ಲಾಸ್ಟಿಕ್ಕಿನದೂ ಇದೇ ಕಥೆ. ಕ್ಯಾರಿಬ್ಯಾಗುಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಹೊಂಡದಲ್ಲಿ ತೇಲುತ್ತಿದ್ದದ್ದನ್ನು ಯಾರೋ ತಯಾರಿಸಿದ್ದಾರೆ, ಯಾರೋ ಸಗಟಾಗಿ ಮಾರಿದ್ದಾರೆ. ಬೈಗುಳ ಮಾತ್ರ ಕೊನೆಗೆ ಅದರಲ್ಲಿ ಹಣ್ಣು ಹಾಕಿಕೊಟ್ಟವಳಿಗೆ.

ಗೆಳತಿಯನ್ನು ಬಸ್ಸು ಹತ್ತಿಸಿ ಮರುದಿನ ಸಂಜೆ ಅವ್ವನ ಮಗ್ಗುಲಲ್ಲಿ ಹೋಗಿ ಕೂತೆ. ಇಷ್ಟು ಕೂಗುವುದು, ಸೆರಗು ಜಗ್ಗುವುದು ಯಾಕೆ ಎಂದು ಕೇಳಿದೆ.

'ಬಾಳಿಹಣ್ಣು ಉದ್ರಿ ತಂದೀನಿ. ಮೂರು ದಿನಕ್ಕ ಕಪ್ಪಾಗ್ತಾವು. ಅಷ್ಟರಾಗ ಖರ್ಚಾಗಬೇಕು. ಕರೀಲಿಲ್ಲಂದ್ರ ಯಾರ್ ನಿಂದರ್ತಾರ?' ಎಂದಳು.

ಜಾಗಕ್ಕೆ ಕರ ಕೊಡುತ್ತೀಯಾ ಎಂದೆ. ಸೊಂಟದ ಚೀಲದಿಂದ ಮೂರು ಚೀಟಿ ತೆಗೆದು ತೋರಿಸಿದಳು, ದಿನಕ್ಕೊಂದು. ಮುದ್ರೆ, ಮೊತ್ತ ಇದ್ದವು. ಆ ಹಣ ಯಾವುದಕ್ಕೆ ಎಂಬುದು ಅವುಗಳ ಮೇಲೆ ಇರಲಿಲ್ಲ. ಇಡೀ ಸಾಲಿನಲ್ಲಿ ಒಂದೂ ಕಸದ ಡಬ್ಬಿ ಇರಲಿಲ್ಲ.

ತೇರು ನಿಂತ ಮೇಲೆ ಕತ್ತಲಲ್ಲಿ ಸಾಲು ಕರಗತೊಡಗಿತು. ಗಿರಾಕಿಗಳು ಬಿಟ್ಟುಹೋದ ಲೋಟಗಳನ್ನೂ ಸೇರಿಸಿ ಅವ್ವ ತನ್ನ ಜಾಗವನ್ನು ಕಸಬರಿಗೆಯಿಂದ ಗುಡಿಸಿ ಒಂದು ಗುಡ್ಡೆ ಮಾಡಿದಳು. ಮಗ್ಗುಲಿನವರೂ ಹಾಗೇ ಮಾಡಿದರು. 'ಇದನ್ನ ಎಲ್ಲಿ ಒಯ್ದು ಹಾಕೂದವ್ವಾ?' ಎಂದೆ.

'ಅದನ್ನ ನೀನ ಓದಿ ಹೇಳಬೇಕವ್ವ' ಎಂದಳು.

ಆ ಮೂರು ಚೀಟಿ ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ, ಸೂಡಿಯ ಶಾಸನದ ಪ್ರತಿಯ ಜೊತೆಗಿವೆ. ಗೆಳತಿಗೆ ಎಲ್ಲವನ್ನೂ ಬರೆದು ತಿಳಿಸಿದ್ದೇನೆ, ತೇರಿನ ಮನೆಯ ಕಡೆಯಿಂದ ಸುತ್ತುಹಾಕಿಸಿದ್ದನ್ನೂ ಬಿಟ್ಟಿಲ್ಲ. ಮುಂದಿನ ಜಾತ್ರೆಗೂ ಬರುತ್ತೇನೆ ಎಂದಿದ್ದಾಳೆ. ಈ ಸಲ ಬುಟ್ಟಿಗಳ ಸಾಲಿನಿಂದಲೇ ಕರೆದೊಯ್ಯುತ್ತೇನೆ.