ಅಂಡಿಗೆಯ ಕಲಬೆರಕೆ ಮತ್ತು ರೈತನ ಸಾಲ: ಧಾರವಾಡ ಸೀಮೆಯ ಹತ್ತಿ ವ್ಯಾಪಾರದ ಒಂದು ವಿವಾದ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆಯ ಹತ್ತಿ ವ್ಯಾಪಾರವನ್ನು ದೀರ್ಘಕಾಲ ಕಾಡಿದ ವಿವಾದ ಕಲಬೆರಕೆಯದು. ಮುಂಬಯಿಯ ರಫ್ತು ವರ್ತಕರು ಇದನ್ನು ರೈತರ ಹಾಗೂ ಸ್ಥಳೀಯ ವ್ಯಾಪಾರಿಗಳ ಅಪ್ರಾಮಾಣಿಕತೆ ಎಂದು ಬಗೆದರು. ಸರಕಾರವೂ ಅದನ್ನು ಅಪರಾಧವೆಂದೇ ಕಂಡಿತು. ಅಂದಿನ ಸಾಲದ ವ್ಯವಹಾರದೊಡನೆ ಇಟ್ಟು ಪರಿಶೀಲಿಸಿದಾಗ ಈ ವಿವಾದದ ಸ್ವರೂಪ ಬೇರೆಯಾಗಿಯೇ ತೋರುತ್ತದೆ.

ಈಸ್ಟ್ ಇಂಡಿಯಾ ಕಂಪನಿಯು 1840ರಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆತಂದಿತು. ಅವರಲ್ಲೊಬ್ಬನಾದ ಮರ್ಸರ್ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗ ಕ್ಷೇತ್ರ ನಡೆಸಿದನು. ಈ ನೆಲದ ಗುಣವನ್ನರಿತ ಇಲ್ಲಿನ ರೈತರೇ ಪರದೇಶದವರಿಗಿಂತ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಬೆಳೆಯಬಲ್ಲರೆಂದು ಆತನೇ ವರದಿ ಮಾಡಿ, ಕ್ಷೇತ್ರವನ್ನು ಮುಚ್ಚುವಂತೆ ಕೋರಿದ್ದು ಗಮನಾರ್ಹ. ಆದರೂ ನ್ಯೂ ಆರ್ಲಿಯನ್ಸ್ ಬೀಜ ಈ ಸೀಮೆಯ ಎರೆಭೂಮಿಯಲ್ಲಿ ನೆಲೆಯೂರಿ 'ಧಾರವಾಡ-ಅಮೆರಿಕನ್' ಎಂಬ ಹೆಸರು ಪಡೆಯಿತು.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗಗಳು ಎರೆಭೂಮಿಯ ಹತ್ತಿ ನಾಡು. ರೈಲು ಬರುವ ಮುನ್ನ ಅರಳೆಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಮುಂಬಯಿ ಸೇರುತ್ತಿತ್ತು. ಕಂದಾಯವನ್ನು ನಗದಾಗಿ ಕಟ್ಟಬೇಕಿದ್ದ ರೈತನು ಸಾಹುಕಾರನಿಂದ ಮುಂಗಡ ಪಡೆದು, ಬೆಳೆ ಕೈಸೇರುವ ಮೊದಲೇ ಅದನ್ನು ಮಾರಿರುತ್ತಿದ್ದನು. ದರ ಮೊದಲೇ ಗೊತ್ತಾದ ಮೇಲೆ ಹತ್ತಿಯನ್ನು ಶುಚಿಯಾಗಿ ಬಿಡಿಸಿದರೆ ಅವನಿಗೆ ದಕ್ಕುವ ಲಾಭವೇನೂ ಇರಲಿಲ್ಲ. ಜವಾರಿ ಹತ್ತಿ ಅಮೆರಿಕನ್ ಹತ್ತಿಯೊಡನೆ ಬೆರೆಯುತ್ತಿತ್ತು. ಕಸ, ಬೀಜಗಳು ತೂಕ ಹೆಚ್ಚಿಸುತ್ತಿದ್ದವು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಶೈರಿನ ಗಿರಣಿಗಳು ಭಾರತದ ಹತ್ತಿಯತ್ತ ತಿರುಗಿದಾಗ ಬೆಲೆ ಹಲವು ಪಟ್ಟು ಏರಿತು. ಅದರೊಡನೆ ದೂರುಗಳೂ ಹೆಚ್ಚಿದವು. 1863ರ ಮುಂಬಯಿ ಹತ್ತಿ ವಂಚನೆ ಕಾಯಿದೆ ಕಲಬೆರಕೆಗೆ ದಂಡನೆ ವಿಧಿಸಿತು. ಆದರೆ ಮುಂಗಡ ವ್ಯವಹಾರವನ್ನು ಅದು ಮುಟ್ಟಲಿಲ್ಲ. ಇದಲ್ಲದೆ, ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರಿಂದ, ಒಂದೇ ಎರೆಭೂಮಿ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು.

1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಸಾಲ ಮಾತ್ರ ಉಳಿಯಿತು. 1859ರ ಕಾಲಮಿತಿ ಕಾಯಿದೆಯ ಮೂರು ವರ್ಷಗಳ ಅವಧಿ ರೈತನ ರಕ್ಷಣೆಗೆಂದು ಬಂದಿದ್ದರೂ, ಸಾಹುಕಾರರು ಅವಧಿ ಮುಗಿಯುವ ಮುನ್ನ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುವುದು ಮುಂಬಯಿ ಪ್ರಾಂತದಲ್ಲಿ ರೂಢಿಯಾಯಿತು. 1876-78ರ ಬರಗಾಲ ಜಿಲ್ಲೆಯನ್ನು ಮತ್ತಷ್ಟು ಜರ್ಜರಿತಗೊಳಿಸಿತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯಾದರೋ ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರಗಳಿಗೆ ಸೀಮಿತವಾಗಿತ್ತು. ಧಾರವಾಡ ಅದರ ಹೊರಗುಳಿಯಿತು.

ದಂಡನೆಯಿಂದ ಬಗೆಹರಿಯದ ಪ್ರಶ್ನೆಗೆ ಸಹಕಾರ ಚಳವಳಿ ಬೇರೊಂದು ಮಾರ್ಗ ತೋರಿತು. 1905ರಲ್ಲಿ, ಅಂದು ಇದೇ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಪತ್ತಿನ ಸಂಘ ಸ್ಥಾಪನೆಯಾಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ತಲೆಯೆತ್ತಿದವು. ಸುಧಾರಿತ ತಳಿಯನ್ನು ಬೆರಕೆಯಾಗದಂತೆ ಒಟ್ಟಾಗಿ ಮಾರಿದಾಗ ಅದರ ಹೆಚ್ಚಿನ ಬೆಲೆ ಬೆಳೆದವನಿಗೇ ಸಲ್ಲುವುದು ಸಾಧ್ಯವಾಯಿತು. ಶುಚಿತ್ವವು ರೈತನ ಪ್ರಾಮಾಣಿಕತೆಯೊಂದನ್ನೇ ಅವಲಂಬಿಸಿದ ವಿಷಯವಾಗಿರಲಿಲ್ಲ. ತನ್ನ ಬೆಳೆಯನ್ನು ತಾನೇ ಮಾರುವ ಸ್ವಾತಂತ್ರ್ಯವನ್ನೂ ಅದು ಅವಲಂಬಿಸಿತ್ತು ಎಂಬುದನ್ನು ಈ ಬೆಳವಣಿಗೆ ಸ್ಪಷ್ಟಪಡಿಸುತ್ತದೆ.